ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು: ಆಮೇಲೆ ಬೈಡನ್ ಗೆದ್ದದ್ದು ಹೇಗೆ ಮೇಡಂ?

ಪ್ರಶ್ನೆ (ಡಲ್ಲಾಸ್‌ನಿಂದ):
ಮೇಡಂ ನಮಸ್ಕಾರ. ನನಗೆ ಇಲ್ಲಿನ ಸಿಟಿಜನ್‌ಶಿಪ್ ಬಂದು ಇನ್ನೂ ವರ್ಷ ಆಗಿಲ್ಲ. ಮುಂದಿನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಮೊದಲ ಸಲ ಓಟು ಹಾಕುತ್ತೇನೆ, ಹಾಗಾಗಿ ಹಳೆಯ ಲೆಕ್ಕಗಳನ್ನು ಕೆದಕುತ್ತಾ ಕೂತಿದ್ದೇನೆ. 2016, 2024 ಹೇಗೋ ಅರ್ಥವಾಯಿತು. 2020ರ ಡೆಮಾಕ್ರಟಿಕ್ ಪ್ರೈಮರಿ ಮಾತ್ರ ತಲೆಗೆ ಹತ್ತುತ್ತಿಲ್ಲ. ಮೊದಲ ಎರಡು ರಾಜ್ಯಗಳಲ್ಲಿ ನೆಲ ಕಚ್ಚಿದ ಮನುಷ್ಯ ಒಂದೇ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಮನೆಗೆ ಕಳಿಸಿದ್ದು ಹೇಗೆ? ನೀವು ಅಯೋವಾದಲ್ಲೇ ಇದ್ದು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವರು. ಆ ಹಿಂಡಿನಲ್ಲಿ ನಿಜಕ್ಕೂ ಯಾರು ಚೆನ್ನಾಗಿದ್ದರು? ಮುಲಾಜಿಲ್ಲದೆ ಹೇಳಿ.

ಉತ್ತರ:
ಮುಲಾಜಿಲ್ಲದೆ ಅಂದಿರಲ್ಲ, ಹಾಗಾದರೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನ್ಯೂ ಹ್ಯಾಂಪ್‌ಶೈರ್ ಫಲಿತಾಂಶ ಬಂದ ರಾತ್ರಿ "ಬೈಡನ್ ಕಥೆ ಮುಗೀತು" ಅಂತ ಇದೇ ಗುಂಪಿನಲ್ಲಿ ಬರೆದವಳು ನಾನು. ಹಳೆ ಸದಸ್ಯರು ಇವತ್ತಿಗೂ ಅದರ ಸ್ಕ್ರೀನ್‌ಶಾಟ್ ಹಾಕಿ ಕಾಲೆಳೆಯುತ್ತಾರೆ.

ಆದರೆ ಹಾಗೆ ಬರೆಯಲು ಕಾರಣ ಇತ್ತು. 2020ರ ಫೆಬ್ರವರಿ 3, ಸೋಮವಾರ ಸಂಜೆ 7 ಗಂಟೆ. ವಿದ್ಯಾರ್ಥಿಗಳ ಜೊತೆ ಸುಮ್ನೆ ನೋಡಲು ಒಂದು ಶಾಲೆಯ ಜಿಮ್‌ಗೆ ಹೋಗಿದ್ದೆ. ಅಯೋವಾದಲ್ಲಿ ಪ್ರೈಮರಿ ಬದಲು ನಡೆಯುವ ಸಭೆಗೆ ಕಾಕಸ್ ಅನ್ನುತ್ತಾರೆ. ಆಗ ಡೆಮಾಕ್ರಟರ ಕಾಕಸ್ ಗುಟ್ಟಿನ ಮತದಾನ ಆಗಿರಲಿಲ್ಲ. ನಿಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು, ಅಕ್ಕಪಕ್ಕದ ಮನೆಯವರೆಲ್ಲ ನೋಡುತ್ತಿರುತ್ತಿದ್ದರು. ಆ ಜಿಮ್‌ನಲ್ಲಿ 212 ಜನ. ಒಂದು ಮೂಲೆ ಲೆಕ್ಕಕ್ಕೆ ಬರಬೇಕಾದರೆ ಶೇಕಡ 15 ಬೇಕು, ಅಂದರೆ 32 ಜನ. ಬೈಡನ್ ಮೂಲೆಯಲ್ಲಿ ತಲೆ ಎಣಿಸಿದರು: 27. ಹೆಚ್ಚಿನವರು ತಲೆ ನರೆತವರು, ಮಡಚುವ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು. ಎದುರಿನ ಸ್ಯಾಂಡರ್ಸ್ ಮೂಲೆಯಲ್ಲಿ ಹುಡುಗರು ಕುಣಿಯುತ್ತಿದ್ದರು. ಕ್ಲೋಬುಚಾರ್ ಕಡೆಯವರು ಮನೆಯಲ್ಲಿ ಮಾಡಿದ ಬಿಸ್ಕತ್ತಿನ ಡಬ್ಬಿ ತಂದು ಬಂದವರಿಗೆಲ್ಲ ಹಂಚುತ್ತಿದ್ದರು.

ಬೇಕಿದ್ದದ್ದು ಐದೇ ಐದು ಜನ. ಬೈಡನ್ ಕಡೆಯ ಒಬ್ಬರು ಆಂಡ್ರ್ಯೂ ಯಾಂಗ್ ಮೂಲೆಗೆ ಹೋಗಿ ಕೇಳಿದರು, ಹುಡುಗರು ನಕ್ಕು ಸ್ಯಾಂಡರ್ಸ್ ಕಡೆ ನಡೆದರು. ಎರಡನೇ ಸುತ್ತಿಗೆ ಬೈಡನ್ ಮೂಲೆಯೇ ಚದುರಿತು. ಕೆಲವರು ಬುಡಜೆಜ್ ಕಡೆಗೆ, ಕೆಲವರು ಕ್ಲೋಬುಚಾರ್ ಕಡೆಗೆ ಹೋದರು, ಇಬ್ಬರು ಸೀದಾ ಮನೆಗೆ. ನನ್ನ ಪಕ್ಕದಲ್ಲಿದ್ದ ಅಜ್ಜಿಯನ್ನು ಯಾಕೆ ಬಿಟ್ಟಿರಿ ಅಂತ ಕೇಳಿದೆ. "ನನಗೆ ಅವನು ಇಷ್ಟಾನೇ, ಆದರೆ ಗೆಲ್ಲೋ ಲಕ್ಷಣ ಕಾಣ್ತಿಲ್ಲ" ಅಂದರು. ಆ ಮಾತು ಹಿಡಿದುಕೊಂಡಿರಿ, ಮುಂದೆ ಬೇಕಾಗುತ್ತದೆ.

ಆ ರಾತ್ರಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು, ರಾಜ್ಯದ ಲೆಕ್ಕ ಹೊರಬರಲು ದಿನಗಟ್ಟಲೆ ಹಿಡಿಯಿತು. ಕೊನೆಗೆ ಬುಡಜೆಜ್‌ಗೆ 14 ಡೆಲಿಗೇಟ್ (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿ ಪರ ಓಟು ಹಾಕುವ ಪ್ರತಿನಿಧಿಗಳು), ಸ್ಯಾಂಡರ್ಸ್‌ಗೆ 12, ವಾರನ್‌ಗೆ 8, ಬೈಡನ್‌ಗೆ 6. ತಲೆ ಎಣಿಕೆಯಲ್ಲಿ ಸ್ಯಾಂಡರ್ಸೇ ಮುಂದಿದ್ದರು, ಅದು ಬೇರೆ ಜಗಳ. ಎಂಟು ದಿನಕ್ಕೆ ನ್ಯೂ ಹ್ಯಾಂಪ್‌ಶೈರ್: ಸ್ಯಾಂಡರ್ಸ್ 9, ಬುಡಜೆಜ್ 9, ಕ್ಲೋಬುಚಾರ್ 6. ಬೈಡನ್ ಸೊನ್ನೆ. ಓಟು ಎಣಿಕೆ ಮುಗಿಯುವ ಮೊದಲೇ ಅವರು ವಿಮಾನ ಹತ್ತಿ ಸೌತ್ ಕ್ಯಾರೊಲೈನಾಗೆ ಹೋಗಿಬಿಟ್ಟಿದ್ದರು. ನಾನು ಅದನ್ನು ಓಡಿಹೋಗುವುದು ಅಂದುಕೊಂಡೆ.

ಪ್ರಶ್ನೆ (ಬೆಂಗಳೂರಿನಿಂದ):
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ ಮೇಡಂ. ಇಷ್ಟೆಲ್ಲ ಸರ್ಕಸ್ ಯಾಕೆ? ಅಲ್ಲಿ ಹೈಕಮಾಂಡ್ ಅನ್ನೋದೇ ಇಲ್ವಾ? ಬಿ ಫಾರಂ ಕೊಡೋದು ಯಾರು?

ಉತ್ತರ:
ಓಟುದಾರರೇ ಕೊಡುವುದು, ಅದೇ ಇಲ್ಲಿನ ತಮಾಷೆ. ಒಂದೊಂದು ರಾಜ್ಯವೂ ಒಂದಷ್ಟು ಡೆಲಿಗೇಟ್‌ಗಳನ್ನು ಹಂಚುತ್ತದೆ. ಆ ವರ್ಷ ಡೆಮಾಕ್ರಟರಲ್ಲಿ 3,979 ಇದ್ದವು, 1,991 ಸಿಕ್ಕಿದವರಿಗೆ ಟಿಕೆಟ್. ಪಕ್ಷದ ದೊಡ್ಡವರಿಗೂ ಓಟು ಇತ್ತು, ಆದರೆ 2016ರ ಗಲಾಟೆ ಆದಮೇಲೆ ಮೊದಲ ಸುತ್ತಿನಲ್ಲಿ ಅವರು ಕೈ ಹಾಕುವಂತಿಲ್ಲ ಅಂತ ನಿಯಮ ಮಾಡಿದರು. ಹೈಕಮಾಂಡ್ ಕಿವಿಯಲ್ಲಿ ಹೇಳಬಹುದು, ಸಹಿ ಹಾಕೋ ಹಾಗಿಲ್ಲ.

ಇನ್ನು ಡಲ್ಲಾಸ್ ಅವರ ಪ್ರಶ್ನೆಗೆ ಬರುತ್ತೇನೆ. ಸೌತ್ ಕ್ಯಾರೊಲೈನಾದ ಡೆಮಾಕ್ರಟಿಕ್ ಓಟುದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎರಡೂ ಬಿಳಿ ರಾಜ್ಯಗಳು. ಅಲ್ಲಿ ಸೋತವರನ್ನು ಮುಗಿದವರು ಅಂತ ನಮ್ಮಂಥವರು ತೀರ್ಮಾನ ಮಾಡಿಬಿಟ್ಟಿದ್ದೆವು, ಆದರೆ ಪಕ್ಷದ ಬೆನ್ನೆಲುಬಾದ ಜನ ಇನ್ನೂ ಬಾಯಿಯೇ ತೆರೆದಿರಲಿಲ್ಲ. ಫೆಬ್ರವರಿ 26ಕ್ಕೆ ಅಲ್ಲಿನ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಪರ ನಿಂತರು. ನಮಗೆ ಜೋ ಗೊತ್ತು, ಅದಕ್ಕಿಂತ ಹೆಚ್ಚಾಗಿ ಜೋಗೆ ನಾವು ಗೊತ್ತು ಅನ್ನೋ ಅರ್ಥದ ಮಾತಾಡಿದರು. 29ಕ್ಕೆ ಬೈಡನ್‌ಗೆ ಶೇಕಡ 48ಕ್ಕೂ ಜಾಸ್ತಿ, ಸ್ಯಾಂಡರ್ಸ್‌ಗೆ ಹೆಚ್ಚುಕಡಿಮೆ 20. ಒಂದು ವಿಷಯ ಗಮನಿಸಿ: 1988ರ ಟಿಕೆಟ್‌ಗೆ ಒಮ್ಮೆ, 2008ಕ್ಕೆ ಇನ್ನೊಮ್ಮೆ ಪ್ರಯತ್ನಿಸಿದ್ದ ಮನುಷ್ಯ, ಜೀವನದಲ್ಲಿ ಮೊದಲ ಸಲ ಒಂದು ರಾಜ್ಯದ ಪ್ರೈಮರಿ ಗೆದ್ದದ್ದು ಅವತ್ತು.

ಆಮೇಲಿನ ಮೂರು ದಿನವೇ ಇಡೀ ಕಥೆ. ಮಾರ್ಚ್ 1ಕ್ಕೆ ಬುಡಜೆಜ್ ಕಣ ಬಿಟ್ಟರು, 2ಕ್ಕೆ ಕ್ಲೋಬುಚಾರ್. ಅವತ್ತು ರಾತ್ರಿ ನಿಮ್ಮ ಡಲ್ಲಾಸ್‌ನಲ್ಲೇ ಇಬ್ಬರೂ ಬೈಡನ್ ಪಕ್ಕ ನಿಂತರು, ಟೆಕ್ಸಸ್‌ನ ಬೇಟೊ ಒರೂರ್ಕ್, ಮೊದಲೇ ಕಣ ಬಿಟ್ಟಿದ್ದವರು, ಅವರೂ ಬಂದರು. ಮಾರ್ಚ್ 3 ಸೂಪರ್ ಟ್ಯೂಸ್‌ಡೇ, ಒಂದೇ ದಿನ 14 ರಾಜ್ಯಗಳಲ್ಲಿ ಓಟು. ಬೈಡನ್‌ಗೆ ಹತ್ತು, ಸ್ಯಾಂಡರ್ಸ್‌ಗೆ ನಾಲ್ಕು. ಕ್ಲೋಬುಚಾರ್ ಅವರ ಸ್ವಂತ ರಾಜ್ಯ ಮಿನೆಸೋಟ ನೋಡಿ, ಬೈಡನ್ ಅಲ್ಲಿ ಪ್ರಚಾರ ಮಾಡಿದ್ದೇ ಇಲ್ಲ ಅನ್ನಬಹುದು. ಆಕೆ ಹಿಂದಿನ ದಿನ ಎದ್ದುಹೋದರು, ಮಾರನೇ ದಿನ ರಾಜ್ಯ ಬೈಡನ್ ಜೇಬಿಗೆ ಬಿತ್ತು. ನಮ್ಮ ಜಿಮ್‌ನ ಅಜ್ಜಿಯಂಥವರು ಲಕ್ಷಗಟ್ಟಲೆ ಇದ್ದರು ರೀ. ಗೆಲ್ಲೋ ಲಕ್ಷಣ ಕಂಡಿತು, ವಾಪಸ್ ಬಂದರು. ಅದಕ್ಕೇ ನಾನು ಕ್ಲಾಸಿನಲ್ಲಿ ಹೇಳುವುದು, ಯಾರು ನಿಂತರು ಅಂತ ನೋಡಬೇಡಿ, ಯಾರು ಯಾವ ದಿನ ಎದ್ದುಹೋದರು ಅಂತ ಬರೆದಿಟ್ಟುಕೊಳ್ಳಿ ಅಂತ.

ಪ್ರಶ್ನೆ (ಸ್ಯಾನ್ ಹೊಸೆಯಿಂದ):
ಒಪ್ಪಲ್ಲ ಮೇಡಂ. ನಾನು ಬರ್ನಿ ಸ್ಯಾಂಡರ್ಸ್‌ಗೆ ಮನೆಮನೆ ಬಾಗಿಲು ತಟ್ಟಿದವನು. ಮೂರು ದಿನದಲ್ಲಿ ಎಲ್ಲರೂ ಒಟ್ಟಿಗೆ ಎದ್ದುಹೋಗ್ತಾರೆ ಅಂದ್ರೆ ಅದು ತಾನಾಗೇ ಆಗೋದಾ? ಪಕ್ಷದ ದೊಡ್ಡವರು ಸೇರಿ ಮಾಡಿದ ಮೋಸ ಅದು. ನೀವು ಅದನ್ನ ಜಾಣತನ ಅಂತ ಕರೀತಿದೀರ.

ಉತ್ತರ:
ತಾನಾಗೇ ಆಗಿಲ್ಲ, ಫೋನು ಓಡಾಡಿದ್ದು ನಿಜ. ಆದರೆ ಒಬ್ಬರನ್ನು ಸೋಲಿಸಲು ಉಳಿದವರು ಒಂದಾಗುವುದು ಮೋಸ ಅಲ್ಲಪ್ಪ, ರಾಜಕೀಯ. ನಾಲ್ಕು ವರ್ಷ ಹಿಂದೆ ರಿಪಬ್ಲಿಕನ್ನರು ಅದನ್ನು ಮಾಡಲಿಲ್ಲ. 2016ರ ಸೌತ್ ಕ್ಯಾರೊಲೈನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ಶೇಕಡ 32.5, ಆದರೆ 50ಕ್ಕೆ 50 ಡೆಲಿಗೇಟೂ ಅವರಿಗೇ. ಎದುರಾಳಿಗಳಲ್ಲಿ ರೂಬಿಯೋ ಮಾರ್ಚ್ 15ರವರೆಗೆ, ಕ್ರೂಜ್, ಕೇಸಿಕ್ ಮೇ ತಿಂಗಳವರೆಗೆ ಕೂತೇ ಇದ್ದರು. ಇನ್ನೊಬ್ಬ ಮೊದಲು ಏಳಲಿ ಅಂತ ಒಬ್ಬೊಬ್ಬರೂ ಕಾದರು.

ಸ್ಯಾಂಡರ್ಸ್ ಬಗ್ಗೆ ನನ್ನ ದೂರು ಬೇರೆ. 30 ವರ್ಷ ಒಂದೇ ಮಾತು ಹೇಳಿದ ಮನುಷ್ಯ, ಹದಿನೆಂಟು ಡಾಲರ್ ಆಸುಪಾಸಿನ ಸಣ್ಣ ಸಣ್ಣ ದೇಣಿಗೆಯಲ್ಲೇ ಇಡೀ ಪ್ರಚಾರ ನಡೆಸಿದವರು, ಅವರ ಪ್ರಾಮಾಣಿಕತೆ ಬಗ್ಗೆ ಎರಡು ಮಾತಿಲ್ಲ. ನ್ಯೂ ಹ್ಯಾಂಪ್‌ಶೈರ್ ಆದಮೇಲೆ ಬಂದ ನೆವಾಡಾದಲ್ಲಿ ಲ್ಯಾಟಿನೋ ಜನರನ್ನು ಒಲಿಸಿಕೊಂಡ ರೀತಿಯನ್ನು ನಾನು ಈಗಲೂ ಪಾಠದಲ್ಲಿ ತೋರಿಸುತ್ತೇನೆ. ಆದರೆ ಕಣದಲ್ಲಿ ಐದಾರು ಜನ ಕೊನೆಯವರೆಗೂ ಇರುತ್ತಾರೆ, ನಮಗೆ ಮೂವತ್ತು ಪರ್ಸೆಂಟ್ ಸಾಕು ಅನ್ನೋ ಲೆಕ್ಕದ ಮೇಲೆ ಮನೆ ಕಟ್ಟಿದರು. ನೆವಾಡಾ ಗೆದ್ದ ಮಾರನೇ ದಿನ ಮುಂದಿದ್ದವರು ಅವರೇ. ಅವತ್ತು ಕ್ಲೈಬರ್ನ್‌ಗೊಂದು, ಕ್ಲೋಬುಚಾರ್‌ಗೊಂದು ಫೋನು ಮಾಡಿ ಸೌಮ್ಯವಾಗಿ ಮಾತಾಡಬಹುದಿತ್ತು. ಬದಲಿಗೆ ಅವತ್ತೇ ಪ್ರಸಾರವಾದ ಟಿವಿ ಸಂದರ್ಶನದಲ್ಲಿ ಕ್ಯಾಸ್ಟ್ರೋ ಕಾಲದ ಸಾಕ್ಷರತೆ ಕಾರ್ಯಕ್ರಮ ಹೊಗಳಿದರು. ಕ್ಯೂಬಾ ಬಿಟ್ಟು ಓಡಿಬಂದವರು ತುಂಬಿರುವ ಫ್ಲೋರಿಡಾ ಇನ್ನೂ ಓಟು ಹಾಕಬೇಕಿತ್ತು! ಗೆಲ್ಲೋ ಹಂತದಲ್ಲಿ ಹೊಸಬರನ್ನು ಸೇರಿಸಿಕೊಳ್ಳದವರು ಆಮೇಲೆ ಮೋಸ ಅಂದರೆ ನಾನು ಒಪ್ಪಲ್ಲ.

ಒಂದು ಮಾತು ನಿಮ್ಮ ಕಡೆಯದು. ಬರ್ನಿಯಂತೆ ಎಡಪಂಥದ ವಾರನ್ ಸೂಪರ್ ಟ್ಯೂಸ್‌ಡೇಗೆ ಮೊದಲು ಎದ್ದುಹೋಗಲಿಲ್ಲ. ಸ್ವಂತ ಮ್ಯಾಸಚೂಸೆಟ್ಸ್‌ನಲ್ಲೇ ಮೂರನೇ ಸ್ಥಾನ ಬಂದಮೇಲೆ, ಮಾರ್ಚ್ 5ಕ್ಕೆ ಬಿಟ್ಟರು. ಅಲ್ಲಿ ಬೈಡನ್‌ಗೆ ಶೇಕಡ 33, ಸ್ಯಾಂಡರ್ಸ್‌ಗೆ ಹತ್ತಿರ ಹತ್ತಿರ 27, ವಾರನ್‌ಗೆ 21. ಕೂಡಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಆದರೆ ವಾರನ್ ಓಟುದಾರರೆಲ್ಲ ಬರ್ನಿ ಕಡೆಗೇ ಬರುತ್ತಿದ್ದರು ಅಂತ ಏನಿಲ್ಲ. ನನಗೆ ಗೊತ್ತಿರುವ ಅರ್ಧ ಜನ ಬೈಡನ್‌ಗೇ ಹೋದರು.

ಪ್ರಶ್ನೆ (ಡಲ್ಲಾಸ್‌ನಿಂದ):
ಮೇಡಂ, ಯಾರು ಚೆನ್ನಾಗಿದ್ದರು ಅನ್ನೋದು ಉಳಿದೇ ಹೋಯ್ತು.

ಉತ್ತರ:
ತಪ್ಪಿಸಿಕೊಳ್ಳೋಣ ಅಂತಿದ್ದೆ! ಕೆಲಸಕ್ಕೆ ಸಿದ್ಧರಾಗಿದ್ದವರು ಅಂದರೆ ನನ್ನ ಓಟು ವಾರನ್‌ಗೆ. ಏನು ಕೇಳಿದರೂ ಒಂದು ಯೋಜನೆ ರೆಡಿ. 2019ರ ಅಕ್ಟೋಬರ್‌ನಲ್ಲಿ ಕೆಲವು ಸಮೀಕ್ಷೆಗಳಲ್ಲಿ ಮೊದಲನೇ ಸ್ಥಾನದಲ್ಲೂ ಇದ್ದರು. ಆಮೇಲೆ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ, ದುಡ್ಡು ಎಲ್ಲಿಂದ ಅಂತ ಕೇಳಿದಾಗ ಲೆಕ್ಕ ಬರೆದು ಕೊಟ್ಟರು. ಅದೇ ಉರುಳಾಯಿತು. ಸ್ಯಾಂಡರ್ಸ್ ಅಷ್ಟು ವಿವರವಾಗಿ ಲೆಕ್ಕ ಕೊಡಲಿಲ್ಲ, ಅವರನ್ನು ಯಾರೂ ಅಷ್ಟು ಕೇಳಲೂ ಇಲ್ಲ. ಹೋಮ್‌ವರ್ಕ್ ಮಾಡಿಕೊಂಡು ಬಂದ ಹುಡುಗಿಗೇ ಬೆತ್ತದ ಏಟು.

ಬುಡಜೆಜ್ ಮಾತು ಬೆಣ್ಣೆ. 38 ವರ್ಷ, ಲಕ್ಷ ಜನರ ಊರಿನ ಮೇಯರ್ ಆಗಿದ್ದವರು, ಅಷ್ಟರಲ್ಲೇ ಅಯೋವಾದಲ್ಲಿ ಮೊದಲನೇ ಸಾಲಿಗೆ ಬಂದರು. ಕಪ್ಪು ಓಟುದಾರರ ಹತ್ತಿರ ಮಾತ್ರ ಆ ಬೆಣ್ಣೆ ಕರಗಲೇ ಇಲ್ಲ. ಕ್ಲೋಬುಚಾರ್‌ಗೆ ಒಂದೇ ಒಂದು ಒಳ್ಳೆ ವಾರ ಸಿಕ್ಕಿತು, ಅದು ನ್ಯೂ ಹ್ಯಾಂಪ್‌ಶೈರ್. ಬೈಡನ್ ಡಿಬೇಟ್‌ಗಳಲ್ಲಿ ಕೆಟ್ಟದಾಗಿದ್ದರು, ಸುಳ್ಳು ಯಾಕೆ ಹೇಳಲಿ. ಗುಲಾಮಗಿರಿ ಬಿಟ್ಟುಹೋದ ಗಾಯ ಸರಿಪಡಿಸುವ ಬಗ್ಗೆ ಕೇಳಿದರೆ ಮಕ್ಕಳಿಗೆ ರಾತ್ರಿ ರೆಕಾರ್ಡ್ ಪ್ಲೇಯರ್ ಹಾಕಿಡಿ ಅಂದವರು. ಆದರೆ ಅವರನ್ನು ದ್ವೇಷಿಸುವವರು ಪಕ್ಷದಲ್ಲಿ ಕಡಿಮೆ ಇದ್ದರು. ಉಳಿದವರು ಏಳುವ ಹೊತ್ತಿಗೆ ಅದೇ ಆಸ್ತಿಯಾಯಿತು.

ಪ್ರಶ್ನೆ (ನ್ಯೂಜೆರ್ಸಿಯಿಂದ):
ಬ್ಲೂಮ್‌ಬರ್ಗ್ ಬಿಟ್ಟೇಬಿಟ್ರಲ್ಲ? ಟಿವಿ ಹಾಕಿದ್ರೆ ಬರೀ ಅವರ ಜಾಹೀರಾತೇ. ಆಮೇಲೆ ನಮ್ಮವರು, ಕಮಲಾ ಹ್ಯಾರಿಸ್, ತುಳಸಿ ಗಬಾರ್ಡ್?

ಉತ್ತರ:
ಭಾರೀ ಶ್ರೀಮಂತ ಉದ್ಯಮಿ ಬ್ಲೂಮ್‌ಬರ್ಗ್ ಮೊದಲ ನಾಲ್ಕು ರಾಜ್ಯ ಬಿಟ್ಟು ನೇರ ಸೂಪರ್ ಟ್ಯೂಸ್‌ಡೇಗೆ ಹಾರಿದರು. 100 ಕೋಟಿ ಡಾಲರ್ ದಾಟಿದ ಖರ್ಚು, ಗೆದ್ದದ್ದು ಅಮೆರಿಕನ್ ಸಮೋವಾ ಅನ್ನೋ ದ್ವೀಪಸಮೂಹ ಒಂದೇ. ಫೆಬ್ರವರಿ 19ರ ಲಾಸ್ ವೇಗಸ್ ಡಿಬೇಟ್ ಅವರ ಮೊದಲನೆಯದು. ಅವರ ಕಂಪನಿಯ ಹೆಂಗಸರಿಂದ ಬಾಯಿ ಬಿಡದಂತೆ ಬರೆಸಿಕೊಂಡ ಒಪ್ಪಂದಗಳ ಬಗ್ಗೆ ವಾರನ್ ಎರಡು ನಿಮಿಷ ಕೇಳಿದರು. ಅಷ್ಟೂ ಜಾಹೀರಾತು ನೀರಲ್ಲಿ ಹೋಮ. ನನಗೆ ಆ ರಾತ್ರಿ ಊಟ ಚೆನ್ನಾಗಿ ಸೇರಿತು.

ತುಳಸಿ "ನಮ್ಮವರು" ಅಲ್ಲ. ಹೆಸರು, ಧರ್ಮ ನೋಡಿ ಭಾರತದವರು ಅಂದುಕೊಳ್ಳುತ್ತಾರೆ. ಹುಟ್ಟಿದ್ದು ಅದೇ ಸಮೋವಾದಲ್ಲಿ, ಭಾರತ ಮೂಲ ಇಲ್ಲ. ಎರಡು ಡೆಲಿಗೇಟ್ ಸಿಕ್ಕಿದ್ದೂ ಅಲ್ಲೇ. ಮುಂದೆ 2022ರಲ್ಲಿ ಪಕ್ಷವನ್ನೇ ಬಿಟ್ಟರು.

ಹ್ಯಾರಿಸ್ ತಾಯಿ ಚೆನ್ನೈ ಕಡೆಯವರು, ಅಷ್ಟು ಹೆಮ್ಮೆ ಪಡಿ. ಓಕ್‌ಲ್ಯಾಂಡ್‌ನಲ್ಲಿ ಪ್ರಚಾರ ಶುರು ಮಾಡಿದ ದಿನ ಜನಸಾಗರ. ಜೂನ್ ಡಿಬೇಟ್‌ನಲ್ಲಿ ಬೈಡನ್‌ರನ್ನು ಬೆವರಿಳಿಸಿದರು. ಆದರೆ ಆರೋಗ್ಯ ವಿಮೆ ಬಗ್ಗೆ ಒಂದೊಂದು ವಾರ ಒಂದೊಂದು ಮಾತು. ಒಂದು ಓಟೂ ಬೀಳುವ ಮೊದಲೇ, 2019ರ ಡಿಸೆಂಬರ್ 3ಕ್ಕೆ ಅಂಗಡಿ ಮುಚ್ಚಿದರು. 2024ರಲ್ಲಿ ಬೈಡನ್ ಜುಲೈ 21ಕ್ಕೆ ಹಿಂದೆ ಸರಿದಾಗ ಟಿಕೆಟ್ ನೇರ ಕೈಗೆ ಬಂತು. ಆಗಲೂ ಪ್ರೈಮರಿಯ ಬಿಸಿ ತಟ್ಟಲಿಲ್ಲ. ಅದು ಅದೃಷ್ಟ ಅಂದವರಿದ್ದರು. ನನಗೇನೋ ಆಕೆಗೆ ಆದ ನಷ್ಟ ಅಂತಲೇ ಅನಿಸುತ್ತದೆ. ಅಯೋವಾದ ಚಳಿಯಲ್ಲಿ ಜನರ ಹತ್ತಿರ ಬೈಸಿಕೊಂಡು ಮಾತು ತಿದ್ದಿಕೊಳ್ಳುವ ಅವಕಾಶವೇ ಸಿಗಲಿಲ್ಲ.

ಪ್ರಶ್ನೆ (ಡಲ್ಲಾಸ್‌ನಿಂದ):
ಕೊನೇದೊಂದು. ಪ್ರೈಮರಿಯಲ್ಲಿ ಓಟು ಹಾಕಬೇಕಾದರೆ ನಾನು ಮೊದಲೇ ಪಕ್ಷ ಸೇರಬೇಕಾ? ಹೆಂಡತಿ ಬೇರೆ ಪಕ್ಷದ ಕಡೆ ಇದ್ದಾಳೆ, ಮನೆಯಲ್ಲಿ ಅದೇ ಜಗಳ.

ಉತ್ತರ:
ಟೆಕ್ಸಸ್‌ನಲ್ಲಿ ಬೇಡ. ಓಟರ್ ರಿಜಿಸ್ಟ್ರೇಷನ್ ಮಾಡುವಾಗ ಪಕ್ಷ ಕೇಳುವುದಿಲ್ಲ, ಅದನ್ನು ಚುನಾವಣೆಗೆ 30 ದಿನ ಮೊದಲೇ ಮುಗಿಸಿರಬೇಕು ಅಷ್ಟೇ. ಮಾರ್ಚ್‌ನಲ್ಲಿ ಬೂತಿಗೆ ಹೋದಾಗ ಯಾವ ಪಕ್ಷದ್ದು ಬೇಕು ಅಂತ ಹೇಳಿದರೆ ಆಯಿತು. ನೀವೊಂದು, ಅವರೊಂದು ಕೇಳಬಹುದು. ಆದರೆ ಒಂದು ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಿದ ಮೇಲೆ, ಯಾರಿಗೂ ಬಹುಮತ ಬರದೆ ಎರಡನೇ ಸುತ್ತು ನಡೆದರೆ, ಆಗ ಇನ್ನೊಂದು ಪಕ್ಷಕ್ಕೆ ಹಾರುವಂತಿಲ್ಲ. ಹೆಂಡತಿಗೂ ಹೇಳಿಡಿ.