ಅಪ್‌ಡೇಟ್: 4 ಕೋಟಿ ಸಾಲಿನ ಟೇಬಲ್, ಕ್ವೆರಿ ಈಗ ವೇಗವಾಗಿದೆ

ಹೋದ ವಾರ ಕೇಳಿದ್ದೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 4 ಕೋಟಿ ಸಾಲಿನ ಆರ್ಡರ್ ಟೇಬಲ್, ಸಮಯದ ಕಾಲಂಗೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕುವ ಸೂಚಿ) ಇದೆ. ಆದರೂ ಒಬ್ಬ ಗ್ರಾಹಕರ ಒಂದು ದಿನದ ಆರ್ಡರ್ ತೆಗೆಯಲು 40 ಸೆಕೆಂಡ್ ಯಾಕೆ ಅಂತ.

ನೀವು ಹೇಳಿದಂತೆ ಎಕ್ಸ್‌ಪ್ಲೇನ್ ಅನಲೈಸ್ (ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಕಮಾಂಡ್) ಓಡಿಸಿದೆ. ಇಡೀ ಟೇಬಲ್ ಓದುತ್ತಿತ್ತು! ತಪ್ಪು ನನ್ನ ಕ್ವೆರಿಯಲ್ಲೇ ಇತ್ತು. ಸಮಯದ ಕಾಲಂ ಅನ್ನು ಡೇಟ್ ಫಂಕ್ಷನ್ ಒಳಗೆ ಹಾಕಿ ಹೋಲಿಸುತ್ತಿದ್ದೆ. ಇಂಡೆಕ್ಸ್‌ನಲ್ಲಿ ಇರುವುದು ಮೂಲ ಸಮಯ, ಫಂಕ್ಷನ್ ಕೊಡುವ ತಾರೀಖಲ್ಲ. ಹಾಗಾಗಿ ಇಂಡೆಕ್ಸ್ ಸುಮ್ನೆ ಬಿದ್ದಿತ್ತು. ಈಗ ‘ಆ ದಿನದ 00:00ರಿಂದ, ಮರುದಿನದ 00:00ಕ್ಕಿಂತ ಮೊದಲು’ ಎಂದು ಬರೆದಿದ್ದೇನೆ. ಅಷ್ಟಕ್ಕೇ 2 ಸೆಕೆಂಡಿಗೆ ಇಳಿಯಿತು.

ಆಮೇಲೆ ಗ್ರಾಹಕರ ಐಡಿ ಮೊದಲು, ಸಮಯ ನಂತರ ಇರುವ ಜೋಡಿ ಇಂಡೆಕ್ಸ್ ಮಾಡಿದೆ. ಈ ಕ್ರಮ ಮುಖ್ಯ, ಸಮ ಎಂದು ಹೋಲಿಸುವ ಕಾಲಂ ಮುಂದೆ ಇರಬೇಕು ಅಲ್ವಾ. ಈಗ 30 ಮಿಲಿಸೆಕೆಂಡ್.

ಒಂದು ಎಚ್ಚರಿಕೆ. ಓಡುತ್ತಿರುವ ಸಿಸ್ಟಂನಲ್ಲಿ ಕಮಾಂಡ್‌ಗೆ ‘ಕನ್‌ಕರೆಂಟ್ಲಿ’ ಎಂಬ ಪದ ಸೇರಿಸಿಯೇ ಇಂಡೆಕ್ಸ್ ಮಾಡಿ, ಇಲ್ಲದಿದ್ದರೆ ಅದು ಮುಗಿಯುವವರೆಗೆ ಹೊಸ ಆರ್ಡರ್ ಬರೆಯಲು ಆಗುವುದಿಲ್ಲ. ಆದರೆ ಕನ್‌ಕರೆಂಟ್ಲಿ ಇರುವ ಕಮಾಂಡ್ ಟ್ರಾನ್ಸಾಕ್ಷನ್ (ಎಲ್ಲಾ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಗುಂಪು) ಒಳಗೆ ಓಡುವುದಿಲ್ಲ. ನನ್ನ ಮೈಗ್ರೇಷನ್ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್) ಮೊದಲ ಸಲ ಅಲ್ಲೇ ನಿಂತಿತು.

ಆಫ್‌ಸೆಟ್ ಬಳಸಿ (ಮೊದಲ ಇಷ್ಟು ಸಾಲು ಬಿಟ್ಟು ಮುಂದಿನವು ಕೊಡು ಎಂದು) ತೆಗೆಯುವ ಪುಟಗಳು ಇನ್ನೂ ನಿಧಾನ. ಮುಂದಿನ ಕೆಲಸ ಅದೇ. ತುಂಬಾ ಥ್ಯಾಂಕ್ಸ್ ಎಲ್ಲರಿಗೂ.