ಜರ್ಮನಿಗೆ ಎರಡು ವರ್ಷ: 46 ಕಿಲೋದಾಗ ಏನ್ ತುಂಬೋದು, ಏನ್ ಬಿಡೋದು?

ನವನಗರ_ಬಾಗಲಕೋಟಿ:
ತಂಗಿ ಸೆಪ್ಟೆಂಬರ್ ಕೊನೀಗೆ ಎಂ.ಎಸ್. ಓದಾಕ ಜರ್ಮನಿಗೆ ಹೊಂಟಾಳ್ರಿ. 23 ಕಿಲೋದ ಎರಡು ಬ್ಯಾಗು, ಕೈಯಾಗ 8 ಕಿಲೋ. ಬೆಳಗಾವಿ ಸಾಂಬ್ರಾದಿಂದ ಬೆಂಗಳೂರು, ಅಲ್ಲಿಂದ ಮುಂದ. ಅವ್ವನ ಪಟ್ಟಿ: 60 ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಸಾಲಿ ಖಾರ, ತುಪ್ಪ, ಕುಂದಾ, ಕುಕ್ಕರ್, ಮಿಕ್ಸರ್. ಯಾವುದು ತೆಗೀಬೇಕು?

ಟಿಳಕವಾಡಿ_ಮೂರನೇ_ಗೇಟ್:
ಪಟ್ಟಿಗಿಂತ ಮೊದಲ ಟಿಕೆಟ್ ನೋಡ್ರಿ. ಸಾಂಬ್ರಾ–ಬೆಂಗಳೂರು ಬ್ಯಾರೆ ಪಿಎನ್‌ಆರ್ ಇದ್ರ ದೇಶದೊಳಗಿನ ಲೆಕ್ಕ ಹಿಡೀತಾರ, ಸಾಮಾನ್ಯವಾಗಿ 15 ಕಿಲೋ. ಉಳಿದ 31 ಕಿಲೋಕ್ಕ ರೊಕ್ಕ ಕಟ್ಟಬೇಕಾಕ್ಕೈತಿ. ಒಂದೇ ಪಿಎನ್‌ಆರ್‌ದಾಗ ತಗಸ್ರಿ, ಇಲ್ಲಾಂದ್ರ ಬಸ್ಸಿಗೆ ಬೆಂಗಳೂರು ಮುಟ್ರಿ.

ಇನ್ನೊಂದು, 46 ಅಂದ್ರ 26 ಮತ್ತ 20 ಅಲ್ಲ. ಒಂದೊಂದು ಬ್ಯಾಗು 23ರೊಳಗ ಇರಬೇಕು. ಮನ್ಯಾಗ ಕೊಕ್ಕಿ ತಕ್ಕಡಿಲೆ ತೂಗಿ 22ಕ್ಕ ನಿಲ್ಲಸ್ರಿ, ಅಲ್ಲಿ ತಕ್ಕಡಿ ಅರ್ಧ ಕಿಲೋ ಹೆಚ್ಚು ತೋರಿಸಿದ್ರೂ ನಡೀತೈತಿ. ಖಾಲಿ ಬ್ಯಾಗೇ 4 ಕಿಲೋ ತಿನ್ನೂದನ್ನ ಮರೀಬ್ಯಾಡ್ರಿ.

ಗುಮ್ಮಟದೂರು:
ತುಪ್ಪ, ಕುಂದಾ ಎರಡೂ ತೆಗೀರಿ. ಹೊರಗಿನ ದೇಶದಿಂದ ಹಾಲಿನ, ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗ ಒಯ್ಯಂಗಿಲ್ಲ. ಕಸ್ಟಮ್ಸ್‌ದಾಗ ಸಿಕ್ಕರ ಸೀದಾ ಕಸದ ಬುಟ್ಟಿ. ಹಸೀ ಕರಿಬೇವೂ ಬ್ಯಾಡ, ಒಣಗಿಸಿ ಪುಡಿ ಮಾಡಿ ಕೊಡ್ರಿ.

ರೊಟ್ಟಿ 30 ಸಾಕು. ಬೆಂದ ಮ್ಯಾಲ ಒಲಿ ಮುಂದ ನಿಲ್ಲಿಸಿ ಪೂರಾ ಖಡಕ್ ಮಾಡ್ರಿ. ಮುರದ್ರ ಟಕ್ ಅನಬೇಕು. ಬಾಗಿತಂದ್ರ ಒಳಗ ಪಸಿ ಅದ, ಬೂಷ್ಟು ಹಿಡೀತದ. ಪೂರಾ ಆರಿದ ಮ್ಯಾಲ ಅಗಲ ಸ್ಟೀಲ್ ಡಬ್ಬ್ಯಾಗ ಹಾಕಿ, ಸಂದ್ಯಾಗ ಟವೆಲ್ ತುರುಕ್ರಿ. ಬ್ಯಾಗಿನ್ಯಾಗ ರೊಟ್ಟಿ ಅಂಚಿನ ಮ್ಯಾಲ ನಿಲ್ಲುವಂಗ ಇಡ್ರಿ. ಮಲಗಿಸಿದ್ರ ಮ್ಯಾಲಿನ ಭಾರಕ್ಕ ಎಲ್ಲಾ ನುಚ್ಚು.

ಜ್ವಾಳದ ಹಿಟ್ಟು ಹೊರಬ್ಯಾಡ್ರಿ. ದೊಡ್ಡ ಊರಿನ ಇಂಡಿಯನ್ ಅಂಗಡ್ಯಾಗ ಸಿಗ್ತದ. ಹಳೀ ಹಿಟ್ಟಿಗೆ ಜಿಗಿ ಇರಂಗಿಲ್ಲ, ಕುದಿಯೋ ಎಸರು ಹಾಕಿ ನಾದಲಿ.

ಚಟ್ನಿ ಕಾಲು ಕಿಲೋದ ಪಾಕೀಟ್ ಮಾಡಿ ಗಾಳಿ ತಗದು ಸೀಲ್ ಮಾಡಸ್ರಿ. ಬಳ್ಳೊಳ್ಳಿ ಹಸೀದು ಹಾಕಬ್ಯಾಡ್ರಿ. ಅಗಸಿ ಚಟ್ನಿ ಎಲ್ಲಕ್ಕಿಂತ ಮೊದಲ ಕಮಟ್ ಆಗ್ತದ, ಅದನ್ನ ಮೊದಲ ತಿನ್ನಲಿ. ಕೊಬ್ಬರಿ ಬಟ್ಟಲ ಬಿಡ್ರಿ: ಎಣ್ಣಿಯಿಂದ ತಾನಾಗೇ ಕಾಯೋ ಗುಣ ಅದ ಅಂತ ವಿಮಾನದ ಅಪಾಯಕಾರಿ ಸಾಮಾನಿನ ಪಟ್ಟ್ಯಾಗ ಸೇರ್ಯದ. ಮಸಾಲಿ ಖಾರಕ್ಕ ಗಸಗಸಿ ಹಾಕಿದ್ರ, ದುಬೈದಾಗ ಇಳದು ಹೊರಗ ಹೋಗೋದಿದ್ರ ಬ್ಯಾಡೇ ಬ್ಯಾಡ. ಯುಎಇದಾಗ ಗಸಗಸಿ ನಿಷೇಧ.

ಅಡುಗೆಮನೆ_ಎಂಜಿನಿಯರ್:
ಮಿಕ್ಸರ್ ಅಲ್ಲಿಯೂ ಓಡುತ್ತದೆ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಆದರೆ ಜಾರ್ ಸೇರಿ ನಾಲ್ಕೈದು ಕಿಲೋ ಅದಕ್ಕೇ ಹೋಗುತ್ತದೆ, ನಾನಾದರೆ ಬಿಡುತ್ತೇನೆ. ಅಮೆರಿಕಕ್ಕೆ ಹೋಗುವವರಿಗಂತೂ ಉಪಯೋಗವೇ ಇಲ್ಲ, ಅಲ್ಲಿ 120 ವೋಲ್ಟ್.

ಕುಕ್ಕರ್ ಮಾತ್ರ ಒಯ್ಯಲಿ, 3 ಲೀಟರಿನದು, ಇಂಡಕ್ಷನ್ ತಳದ್ದು. ತಳಕ್ಕೆ ಅಯಸ್ಕಾಂತ ಅಂಟಿದರೆ ಸರಿ. ಬರೀ ಅಲ್ಯೂಮಿನಿಯಂ ಕುಕ್ಕರ್ ಗಾಜಿನ ಹಾಟ್‌ಪ್ಲೇಟಿನ ಮೇಲೆ ಕಾಯುತ್ತದೆ, ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಯಾವುದಿರುತ್ತದೋ ಹೇಳಲಾಗದು. ಅದೇ ಕಂಪನಿಯ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಕೊಡಿ. ಕುಕ್ಕರಿನ ಹೊಟ್ಟೆಯಲ್ಲಿ ಚಟ್ನಿ ಪಾಕೀಟು ತುಂಬಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್‌ ಅವರ್. 20,000 ಎಂಎಎಚ್‌ನದು 74 ಆಗುತ್ತದೆ. ಮೂಲ ಅಂಕಪಟ್ಟಿಗಳೂ ಕೈಯಲ್ಲೇ. ಔಷಧಿ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿ ಸಮೇತ. ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸಿ.

ನವನಗರ_ಬಾಗಲಕೋಟಿ:
ಎಲ್ಲಾರಿಗೂ ಶರಣ್ರೀ. ಥಂಡಿ ಅರಬಿ? ಮತ್ತ ಅವ್ವಗ ತುಪ್ಪ ಬ್ಯಾಡಂತ ಹೆಂಗ ಹೇಳ್ಲಿ?

ಗುಮ್ಮಟದೂರು:
ಥರ್ಮಲ್ ಎರಡು ಜೋಡಿ, ಒಂದು ಜಾಕೆಟ್ ಮೈಮ್ಯಾಲ. ದಪ್ಪಂದು ಅಲ್ಲೇ ತಗೊಳ್ಳಲಿ, ಅಲ್ಲಿ ಥಂಡಿಗೆ ಇಲ್ಲಿಂದು ತಡ್ಯಂಗಿಲ್ಲ. ಅಲ್ಲಿ ಉಪ್ಪಿಲ್ಲದ ಬೆಣ್ಣಿ 250 ಗ್ರಾಂ ಪಾಕೀಟ್ ಎಲ್ಲಾ ಅಂಗಡ್ಯಾಗ ಸಿಗ್ತದ. ಸಣ್ಣ ಉರಿಮ್ಯಾಲ ಕಾಸಿದ್ರ ಹತ್ರ ಹತ್ರ 200 ಗ್ರಾಂ ತುಪ್ಪ. ಅವ್ವಗ ಹೇಳ್ರಿ, ಕಾಸೂದು ಈಗೇ ಕಲಿಸಲಿ.