ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಆಮೇಲೆ ಯಾಕೆ ಕಾಣಲೇ ಇಲ್ಲ?

ಸೋಮವಾರಪೇಟೆಯಿಂದ: ಮಳೆಗೆ ಮೂರು ದಿನದಿಂದ ಕರೆಂಟಿಲ್ಲ. ಫೋನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಅವರ 1990ರ ‘ನಥಿಂಗ್ ಕಂಪೇರ್ಸ್ 2 ಯು’ ಹಾಡಿನ ವಿಡಿಯೊ ನೋಡಿದೆ. ಬೋಳಿಸಿದ ತಲೆ, ಕೆನ್ನೆ ಮೇಲೆ ಇಳಿಯುವ ಎರಡು ಹನಿ. ಇಂಥವರು ಯಾಕೆ ಮರೆಯಾದರು?

ಮಡಿಕೇರಿಯಿಂದ: ಮರೆಯಾಗಲಿಲ್ಲ, ದೂರ ಇಟ್ಟರು. 1992ರ ಅಕ್ಟೋಬರ್ 3ರಂದು ಅಮೆರಿಕದ ಟಿವಿಯಲ್ಲಿ, ನೇರಪ್ರಸಾರದಲ್ಲೇ, ಪೋಪ್ ಎರಡನೇ ಜಾನ್ ಪಾಲ್ ಫೋಟೊ ಹರಿದರು. ಚರ್ಚಿನಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯ ಕಂಡು ಸುಮ್ಮನಿರಲು ಆಗಲಿಲ್ಲ. ಆ ಫೋಟೊ ಶಿನೇಡ್ ಅವರ ಅಮ್ಮನ ಕೋಣೆಯ ಗೋಡೆಯದ್ದು. ಎರಡು ವಾರದೊಳಗೆ ನ್ಯೂಯಾರ್ಕ್‌ನಲ್ಲಿ ಶಿನೇಡ್ ವೇದಿಕೆಗೆ ಬಂದಾಗ ಜನ ಅವರ ವಿರುದ್ಧ ಕೂಗಾಡಿದರು. 2010ರಲ್ಲಿ ಆಗಿನ ಪೋಪ್ ಇಂಥ ದೌರ್ಜನ್ಯಕ್ಕೆ ಒಳಗಾದ ಐರ್ಲೆಂಡಿನ ಸಂತ್ರಸ್ತರ ಕ್ಷಮೆ ಕೇಳಿ ಪತ್ರ ಬರೆದರು. ಹದಿನೆಂಟು ವರ್ಷ ತಡ, ಅಲ್ವಾ?

ವಿರಾಜಪೇಟೆಯಿಂದ: 1987ರ ಮೊದಲ ಆಲ್ಬಮ್ ಕೇಳಿ. ಗರ್ಭಿಣಿಯಾಗಿದ್ದಾಗಲೇ ಹಾಡಿದ್ದು, ಆಗ ವಯಸ್ಸು ಬರೀ ಇಪ್ಪತ್ತು.

ಸೋಮವಾರಪೇಟೆಯಿಂದ: ಥ್ಯಾಂಕ್ಸ್ ಅಣ್ಣ. ಕರೆಂಟ್ ಬಂದ ಕೂಡಲೇ ಕೇಳುತ್ತೇನೆ.